ಸಿನಿಮಾ ಮನೆಗೆ ಬಚ್ಚಲಿಲ್ಲ, ನಮ್ಮನೆಗೆ ಬೇಕಲ್ಲ!

ಒಂದು ತಮಾಷೆಯ ಪ್ರಶ್ನೆ ಕೇಳಲೇ? ನೀವು ಇದುವರೆಗೆ ನೋಡಿದ ಕನ್ನಡ ಚಿತ್ರಗಳಲ್ಲಿ ಎಷ್ಟು ಮನೆಗಳನ್ನು ನೋಡಿದ್ದೀರಿ? ನೂರು? ಇನ್ನೂರು? ಸರಿ, ಅವುಗಳಲ್ಲಿ ಬಚ್ಚಲುಮನೆ ಎಷ್ಟು ನೋಡಿದ್ದೀರಿ? ತಡವರಿಸ್ತೀರಿ, ಅಲ್ವೇ?

ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಸಿನಿಮಾ ಮನೆಗೆ ನಡುಮನೆ ಉಂಟು. ನಾಯಕಿ ಅಳುತ್ತಾ ಓಡಿ ಹತ್ತೋದಕ್ಕೆ ಮೆಟ್ಟಿಲು ಉಂಟು. ತಾಯಿ ಪಾತ್ರದವರು ಸೆರಗಿನಿಂದ ಕಣ್ಣೊರೆಸಿಕೊಳ್ಳೋದಕ್ಕೆ ದೇವರಕೋಣೆ ಉಂಟು. ಕಥೆಗೆ ಬೇಕಾದಷ್ಟೇ ಮನೆ! ಸ್ಟುಡಿಯೋದಲ್ಲಿ ಹಾಕಿದ ಸೆಟ್ಟಿಗೆ ಎಷ್ಟೋ ಸಲ ನಾಲ್ಕನೇ ಗೋಡೆಯೇ ಇರೋದಿಲ್ಲ, ಯಾಕೆಂದರೆ ಅಲ್ಲಿ ಕ್ಯಾಮೆರಾ ನಿಲ್ಲಬೇಕು. ಚಾವಣಿ ಇರೋದಿಲ್ಲ, ಮೇಲಿನಿಂದ ಲೈಟು ಬೀಳಬೇಕು. ಪ್ಲೈವುಡ್ಡಿನ ಗೋಡೆಗೆ ಬಣ್ಣ ಬಳಿದು, ಅದರ ಮೇಲೆ ಕಂದು ನೀರು ಚಿಮುಕಿಸಿ, ಮಸಿ ಒರೆಸಿದರೆ ಒಂದೇ ದಿನದಲ್ಲಿ ನೂರು ವರ್ಷದ ಮನೆ ರೆಡಿ!

ಹಾಗಂತ ಆ ಮನೆಗಳನ್ನು ನಾವು ಮರೆತಿದ್ದೇವಾ? ಇಲ್ಲ. 1971ರ 'ಕಸ್ತೂರಿ ನಿವಾಸ'ದಲ್ಲಿ ಮನೆಯ ಹೆಸರೇ ಚಿತ್ರದ ಹೆಸರಾಯ್ತು. 1974ರ 'ಭೂತಯ್ಯನ ಮಗ ಅಯ್ಯು' ಚಿತ್ರದಲ್ಲಿ ಊರಿನ ಸಿಟ್ಟೆಲ್ಲ ನುಗ್ಗಿದ್ದು ಅಯ್ಯುವಿನ ಮನೆಗೆ. 1990ರ 'ಗಣೇಶನ ಮದುವೆ'ಯಲ್ಲಿ ವಠಾರವೇ ಅರ್ಧ ಹೀರೋ. ಗಿರೀಶ್ ಕಾಸರವಳ್ಳಿಯವರ 'ದ್ವೀಪ' 2002ರಲ್ಲಿ ಬಂತಲ್ಲ, ಅದರಲ್ಲಿ ಏರುವ ನೀರಿನ ನಡುವೆ ಮನೆ ಬಿಡಲಾರದೆ ಕೂತವರನ್ನು ನೋಡುವಾಗ ಮಲೆನಾಡಿನವನಾದ ನನಗೆ ಗಂಟಲು ಕಟ್ಟಿತ್ತು.

ಇಷ್ಟೆಲ್ಲ ಪೀಠಿಕೆ ಯಾಕೆ ಅಂತೀರಾ? ನಮ್ಮೂರ ಮನೆಯ ದುರಸ್ತಿಯ ಕಥೆ ಹೇಳಬೇಕಿದೆ. ಸುಮಾರು ಹದಿನೈದು ವರ್ಷ ಮಾತಿನಲ್ಲೇ ಉಳಿದಿದ್ದ ಆ ಕೆಲಸಕ್ಕೆ ಕೊನೆಗೂ ಕೈ ಹಾಕಿಸಿದ್ದು ಒಬ್ಬ ಸಿನಿಮಾದವರೇ. ಆದರೆ ನೀವು ಅಂದುಕೊಂಡ ಹಾಗಲ್ಲ!

ಮೂರು ಮಕ್ಕಳು, ಮೂರು ಮಾತು

ತೀರ್ಥಹಳ್ಳಿ ಸೀಮೆಯ ಹೆಂಚಿನ ಮನೆ ನಮ್ಮದು. ಅಜ್ಜನ ಕಾಲದ್ದು. ಮಣ್ಣಿನ ಗೋಡೆ, ಮರದ ಕಂಬ, ಮುಂದೆ ಜಗಲಿ, ಒಳಗೆ ಅಂಗಳ, ಹಿಂದೆ ಬೇರೆಯೇ ಮಾಡಿನ ಕೆಳಗೆ ಬಚ್ಚಲು. ಅದಕ್ಕೂ ಆಚೆ ಕಕ್ಕಸು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಲ್ಲಿ ಒಬ್ಬರೇ. ವಯಸ್ಸು ಎಪ್ಪತ್ತೆಂಟು. ತೋಟದ ಕೆಲಸದ ಹೆಂಗಸು ಬೆಳಿಗ್ಗೆ ಬಂದು ಸಂಜೆ ಹೋಗ್ತಾಳೆ.

ತಮ್ಮ ಬೆಂಗಳೂರಿನಲ್ಲಿ ಇಂಜಿನಿಯರು. "ಅಣ್ಣಾ, ಹಳೇ ಮನೆಗೆ ದುಡ್ಡು ಹಾಕೋದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ಕೆಡವಿ ಆರ್‌ಸಿಸಿ ಹಾಕೋಣ" ಅನ್ನೋದು ಅವನ ವಾದ. ಶಿವಮೊಗ್ಗದಲ್ಲಿರುವ ಅಕ್ಕನಿಗೆ ಮನೆಯ ಒಂದು ಕಂಬ ಮುಟ್ಟಿದರೂ ಕಣ್ಣೀರು. ನಾನು ಪತ್ರಿಕೆಯವನು, ಮಾತಿಗೆ ಬರವಿಲ್ಲ, ಜೇಬಿಗೆ ಬರ! ಪ್ರತಿ ದೀಪಾವಳಿಗೆ ಮೂವರೂ ಸೇರೋದು, ಹೋಳಿಗೆ ತಿನ್ನೋದು, ಮಾಡು ನೋಡೋದು, "ಮುಂದಿನ ವರ್ಷ ನೋಡೋಣ" ಅನ್ನೋದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು ಹಿರಿಯರು. ಮೂವರು ಒಡಹುಟ್ಟಿದವರು ಒಮ್ಮತದಿಂದ ದುರಸ್ತಿ ಮಾಡಿ ನೋಡು ಅಂತ ಯಾಕೆ ಸೇರಿಸಲಿಲ್ಲವೋ!

ಮನೆ ಮಾತ್ರ ನಮಗೋಸ್ಕರ ಕಾಯಲಿಲ್ಲ. ಮಲೆನಾಡಿನ ಮಳೆ ಅಂದ್ರೆ ಗೊತ್ತಲ್ಲ? ನಮಗೆ ಹತ್ತಿರದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿಗೂ ಮೇಲೆ. ಒಂದು ಹೆಂಚು ಬಿರುಕು ಬಿಟ್ಟರೆ ರೀಪಿಗೆ ನೀರು, ರೀಪಿನಿಂದ ಪಕಾಸಿಗೆ, ಪಕಾಸಿಯಿಂದ ತೊಲೆಗೆ. ಒದ್ದೆಯಾದ ಮರಕ್ಕೆ ಗೆದ್ದಲು ಬರೋದಕ್ಕೆ ಆಮಂತ್ರಣ ಪತ್ರಿಕೆ ಬೇಕೇ?

"ಸಾರ್, ಏನೂ ಮುಟ್ಟಬೇಡಿ!"

2023ರ ದೀಪಾವಳಿ ಹೊತ್ತಿಗೆ ಒಬ್ಬರು ಲೊಕೇಶನ್ ಮ್ಯಾನೇಜರ್ ಬಂದರು. ಚಿತ್ರದ ಹೆಸರು ಬೇಡ. ಹಳೇ ಕಾಲದ ಕಥೆಯಂತೆ, ಹಳೇ ಮನೆ ಬೇಕಂತೆ. ಜಗಲಿ ನೋಡಿ "ವಾಹ್" ಅಂದರು. ಪಾಚಿ ಹಿಡಿದ ಗೋಡೆ ನೋಡಿ "ವಾಹ್ ವಾಹ್" ಅಂದರು. ಅಂಗಳದಿಂದ ಬಚ್ಚಲಿಗೆ ಇಳಿಯುವ ಸವೆದ ಮೂರು ಕಲ್ಲು ಮೆಟ್ಟಿಲಿನ ಮುಂದೆ ನಿಂತು, ಎರಡೂ ಕೈಯಿಂದ ಚೌಕ ಮಾಡಿ ಕಣ್ಣಿಗೆ ಹಿಡಿದುಕೊಂಡರು. "ಸಾರ್, ಈ ಟೆಕ್ಸ್ಚರ್ ಸೆಟ್ಟಲ್ಲಿ ಹಾಕೋಕೆ ಲಕ್ಷಗಟ್ಟಲೆ ಬೇಕು. ಷೂಟಿಂಗ್ ಮುಗಿಯೋವರೆಗೂ ದಯವಿಟ್ಟು ಏನೂ ಮುಟ್ಟಬೇಡಿ!"

ದಿನದ ಬಾಡಿಗೆಯ ಮಾತೂ ಬಂತು. ತಮ್ಮನ ಮುಖ ಅರಳಿತು. ನಿಜ ಹೇಳ್ತೀನಿ, ನನ್ನದೂ ಅರಳಿತು. ನಮ್ಮ ಮನೆ ಬೆಳ್ಳಿತೆರೆಯ ಮೇಲೆ!

ಅಮ್ಮ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ಕೂತಿದ್ದರು. ಕಾಫಿ ಲೋಟ ಕೈಗೆ ಕೊಡುತ್ತಾ ಕೇಳಿದರು: "ತಮ್ಮಾ, ಎಷ್ಟು ದಿನ ಮುಟ್ಟಬಾರದು?"

"ಮಳೆಗಾಲದ ಸೀನು ಇದೆ ಅಮ್ಮಾ. ಜುಲೈ, ಆಗಸ್ಟ್..."

"ಆ ಮೆಟ್ಟಿಲು ನಿಮಗೆ ಚಂದ ಕಾಣ್ತದೆ. ಹೋದ ಆಷಾಢದಲ್ಲಿ ನಾನು ಬಿದ್ದದ್ದು ಅಲ್ಲೇ. ಬೆಳಗಾಗೋ ತನಕ ಅಲ್ಲೇ ಕೂತಿದ್ದೆ."

ಯಾರೂ ಮಾತಾಡಲಿಲ್ಲ. ಬಿದ್ದು ಮಣಿಕಟ್ಟು ಉಳುಕಿದ್ದು ನಮಗೆ ಗೊತ್ತಿತ್ತು. ರಾತ್ರಿ ಎರಡು ಗಂಟೆಗೆ ಬಿದ್ದದ್ದು, ಏಳಲಾಗದೆ ಸೆರಗು ತಲೆಗೆ ಹೊದ್ದು ಮಳೆಯಲ್ಲಿ ಕೂತದ್ದು, ಕೆಲಸದವಳು ಬಂದು ಎಬ್ಬಿಸಿದ್ದು, ಅದನ್ನೆಲ್ಲ ಅಮ್ಮ ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಯಾಕೆ ಅಂತ ಅಕ್ಕ ಕೇಳಿದ್ದಕ್ಕೆ, "ಹೇಳಿದ್ರೆ ನನ್ನನ್ನ ಊರು ಬಿಡಿಸ್ತಿದ್ರಿ" ಅಂದರು.

ಆ ಸಂಜೆಯೇ ತೀರ್ಮಾನವಾಯಿತು. ಮೃಗಶಿರಾ ಮಳೆಗೆ ಮೊದಲು ಬಚ್ಚಲು ಮನೆಯೊಳಗೆ ಬರಬೇಕು. ಲೊಕೇಶನ್ ಮ್ಯಾನೇಜರರಿಗೆ ತಿಳಿಸಿದೆವು. ಒಳ್ಳೆಯ ಮನುಷ್ಯ, ಬೇಸರ ಮಾಡಿಕೊಳ್ಳಲಿಲ್ಲ. ಬೇರೆ ಮನೆ ಹುಡುಕಿಕೊಂಡರು. ಬಾಡಿಗೆ ಹೋಯಿತು, ಬೆಳ್ಳಿತೆರೆಯೂ ಹೋಯಿತು!

ಸ್ಕ್ರಿಪ್ಟ್ ಇಲ್ಲದೆ ಷೂಟಿಂಗ್ ಇಲ್ಲ

ನಮ್ಮನ್ನು ಹದಿನೈದು ವರ್ಷ ಕಟ್ಟಿಹಾಕಿದ್ದು ದುಡ್ಡೊಂದೇ ಅಲ್ಲ ಅಂತ ನನಗೆ ಅನ್ನಿಸುತ್ತೆ. "ಮನೆ ಹೇಗಿರಬೇಕು?" ಅನ್ನೋ ಪ್ರಶ್ನೆಗೆ ಮೂರು ಉತ್ತರ ಇತ್ತು. "ಅಮ್ಮ ರಾತ್ರಿ ಬಚ್ಚಲಿಗೆ ಹೇಗೆ ಹೋಗಬೇಕು?" ಅನ್ನೋ ಪ್ರಶ್ನೆಗೆ ಒಂದೇ ಉತ್ತರ.

ಸಿನಿಮಾದಲ್ಲಿ ಚಿತ್ರಕಥೆಯನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ಪಟ್ಟಿ ಮಾಡ್ತಾರಲ್ಲ, ಹಾಗೇ ನಾನೊಂದು ನೋಟ್‌ಬುಕ್ ಹಿಡಿದು ಅಮ್ಮನ ಹಿಂದೆ ನಡೆದೆ. ಮಂಚದಿಂದ ಬಚ್ಚಲಿಗೆ ನಲವತ್ತೊಂದು ಹೆಜ್ಜೆ. ಎರಡು ಹೊಸ್ತಿಲು. ಮೂರು ಮೆಟ್ಟಿಲು. ಒಂದು ತೆರೆದ ಅಂಗಳ. ದೀಪದ ಸ್ವಿಚ್ಚು ಒಂದೇ, ಅದೂ ಬಾಗಿಲ ಆಚೆ! ಅದೇ ನಮ್ಮ ಸ್ಕ್ರಿಪ್ಟ್ ಆಯಿತು.

ಮೊದಲ ಶೆಡ್ಯೂಲ್: ಅಮ್ಮನ ಕೋಣೆಗೆ ಅಂಟಿಕೊಂಡಿದ್ದ ಹಳೇ ಉಗ್ರಾಣ ಬಚ್ಚಲಾಗಬೇಕು. ಹೊಸ್ತಿಲಿಲ್ಲದ ಬಾಗಿಲು, ಮುಂದೊಂದು ದಿನ ಗಾಲಿಕುರ್ಚಿ ಬಂದರೂ ಹಿಡಿಸುವಂತೆ ಮೂರಡಿ ಅಗಲ. ಜಾರದ ನೆಲ, ಕೂರುವ ಕಮೋಡು, ಗೋಡೆಗೆ ಹಿಡಿ, ಮಂಚದಿಂದಲೇ ಕೈಗೆ ಸಿಗುವ ಸ್ವಿಚ್ಚು. ಎರಡನೇ ಶೆಡ್ಯೂಲ್: ಮಾಡು. ಮೂರನೆಯದು: ಗೋಡೆ. ಬಣ್ಣ, ಶೋಕೇಸು, ಮುಂಬಾಗಿಲ ಅಲಂಕಾರ ಇತ್ಯಾದಿಗಳು ಕ್ಲೈಮ್ಯಾಕ್ಸ್ ಆದ ಮೇಲೆ!

ದುಡ್ಡಿನ ಮಾತು ಬಂದಾಗ ಅಕ್ಕ ತೆಗೆದದ್ದು ಯಾವ ಚಿತ್ರದಲ್ಲೂ ಕೇಳದ ಡೈಲಾಗು. ಸಿನಿಮಾದಲ್ಲಿ ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸೋವಾಗ ಹೆಣ್ಣುಮಗಳು ಮೂಲೆಯಲ್ಲಿ ನಿಂತು ಅಳ್ತಾಳೆ. ಆದರೆ 2005ರ ತಿದ್ದುಪಡಿಯಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಪಿತ್ರಾರ್ಜಿತ ಆಸ್ತಿಗೆ ಮಗಳೂ ಮಗನಷ್ಟೇ ಹಕ್ಕುದಾರಳು. ಅಕ್ಕ ಹೇಳಿದಳು: "ನನ್ನ ಪಾಲು ಬೇಡ ಅಂತ ನಾನು ಎಲ್ಲೂ ಬರೆದುಕೊಡಲ್ಲ ಕಣೋ. ಅದಕ್ಕೇ ಖರ್ಚಲ್ಲೂ ನನ್ನ ಪಾಲಿರ್ಲಿ. ಅಮ್ಮನ ಬಚ್ಚಲು ನನ್ನ ಲೆಕ್ಕ." ಯಾರು ಎಷ್ಟು ಹಾಕಿದರು ಅಂತ ಒಂದೇ ಪುಸ್ತಕದಲ್ಲಿ ಬರೆದು ಮೂವರೂ ಸಹಿ ಹಾಕಿದೆವು. ಆ ಸಹಿ ಬಿದ್ದ ಮೇಲೆ ಅರ್ಧ ಜಗಳ ತಾನಾಗೇ ತಣ್ಣಗಾಯಿತು.

ಮೇಸ್ತ್ರಿ ಕಲಿಸಿದ ಪಾಠ

ಸಂಕ್ರಾಂತಿ ಕಳೆದು ಕೆಲಸ ಶುರು. ಗೋಡೆಗೆ ಸಿಮೆಂಟ್ ಬಳಿಯೋಣ ಅಂತ ತಮ್ಮ. ವಯಸ್ಸಾದ ಮೇಸ್ತ್ರಿ ತಲೆ ಅಲ್ಲಾಡಿಸಿದರು. "ಮಣ್ಣಿನ ಗೋಡೆ ಉಸಿರಾಡ್ತದೆ ಸ್ವಾಮಿ. ಸಿಮೆಂಟ್ ಬಳಿದ್ರೆ ಒಳಗಿನ ತೇವ ಹೊರಗೆ ಬರೋಕೆ ದಾರಿ ಇಲ್ಲ. ನಾಕು ಮಳೆಗೆ ಹಪ್ಪಳದ ಹಾಗೆ ಎದ್ದು ಬೀಳ್ತದೆ." ಸುಣ್ಣದ ಗಾರೆಯೇ ಗೆದ್ದಿತು. ಹಳೇ ಕಟ್ಟಡಗಳ ದುರಸ್ತಿ ಬಲ್ಲವರೂ ಹೇಳೋದು ಇದನ್ನೇ.

ಮಾಡು ಬಿಚ್ಚಿದಾಗ ಇನ್ನೊಂದು ಆಶ್ಚರ್ಯ. ಕೊಳೆತದ್ದು ಮೂರರಲ್ಲಿ ಒಂದು ಪಾಲು ಮರ ಮಾತ್ರ! ಸೋರುವ ಕಡೆಯ ಪಕಾಸಿ, ರೀಪು ಹೋಗಿತ್ತು. ಮುಖ್ಯ ತೊಲೆಗಳು ಗಟ್ಟಿಮುಟ್ಟು. ಹೆಂಚುಗಳಂತೂ ಬಡಿದರೆ ಗಂಟೆಯಂತೆ ಟಣ್ ಅಂದವು. ಮಂಗಳೂರು ಹೆಂಚಿನ ಕಥೆ ನಿಮಗೆ ಗೊತ್ತಿರಬಹುದು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುವ ಆ ಹೆಂಚನ್ನು ಒಂದೊಂದಾಗಿ ತೆಗೆಯಬಹುದು, ಒಡೆದದ್ದನ್ನು ಮಾತ್ರ ಬದಲಿಸಬಹುದು. ನಾವೂ ಪಾಚಿ ಉಜ್ಜಿ ತೊಳೆದು ಅವನ್ನೇ ಮತ್ತೆ ಹೊದಿಸಿದೆವು. ಕತ್ತಲೆ ಉಗ್ರಾಣದ ಮೇಲೆ ಎರಡು ಗಾಜಿನ ಹೆಂಚು ಕೂರಿಸಿದ್ದಕ್ಕೆ ಬಚ್ಚಲಿಗೆ ಹಗಲು ಬೆಳಕು ಪುಕ್ಕಟೆ!

ಎಲ್ಲ ಕೂಡಿಸಿ ನೋಡಿದರೆ ಕೆಡವಿ ಕಟ್ಟುವ ಅಂದಾಜಿನ ಮೂರನೇ ಒಂದು ಪಾಲೂ ಆಗಲಿಲ್ಲ. ಇಂಜಿನಿಯರ್ ತಮ್ಮನೇ ಲೆಕ್ಕ ಹಾಕಿ ಹೇಳಿದ ಮಾತಿದು. ಹಾಗಂತ ಎಲ್ಲ ಹಳೇ ಮನೆಗೂ ಇದೇ ಲೆಕ್ಕ ಅಲ್ಲ. ಅಡಿಪಾಯ ಕುಸಿದಿದ್ದರೆ, ಗೋಡೆ ವಾಲಿದ್ದರೆ ಬಲ್ಲವರನ್ನು ಕರೆಸಿ ತೋರಿಸಲೇಬೇಕು.

ಅರಸಾಳಿನ ನೆನಪು

ಹಳೆಯದನ್ನು ಉಳಿಸಿಕೊಂಡು ಹೊಸ ಜೀವ ಕೊಡೋದಕ್ಕೆ ನಮ್ಮ ಜಿಲ್ಲೆಯಲ್ಲೇ ಚೆಂದದ ಉದಾಹರಣೆ ಇದೆ. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ನೆನಪಿದೆಯಲ್ಲ? ದೂರದರ್ಶನದಲ್ಲಿ ಬಂದ ಆ ಧಾರಾವಾಹಿಗೆ ಆಗುಂಬೆ ಮಾಲ್ಗುಡಿಯಾಯಿತು, ಅರಸಾಳು ಮಾಲ್ಗುಡಿಯ ರೈಲು ನಿಲ್ದಾಣವಾಯಿತು. ಆಮೇಲೆ ಆ ಹಳೇ ನಿಲ್ದಾಣದ ಕಟ್ಟಡ ಪಾಳು ಬಿತ್ತು. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರ ಕೈಯಲ್ಲೇ ಅದು ದುರಸ್ತಿಯಾಗಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು. ಅದನ್ನು ನೋಡಲು 1990ರಲ್ಲೇ ನಮ್ಮನ್ನು ಅಗಲಿದ ಶಂಕರ್ ಇರಲಿಲ್ಲ.

ಅಲ್ಲಿ ಉಳಿಸಿದ್ದು ನೋಡುವವರಿಗಾಗಿ. ಸರಿಯೇ, ಮ್ಯೂಸಿಯಂ ಇರೋದೇ ಅದಕ್ಕೆ. ಮನೆ ಉಳಿಯಬೇಕಾದ್ದು ಇರುವವರಿಗಾಗಿ. ನಮ್ಮ ಜಗಲಿ, ಕಂಬ, ಅಂಗಳ ಹಾಗೇ ಇವೆ, ಅಕ್ಕನ ಕಣ್ಣೀರಿಗೆ ಕೆಲಸವಿಲ್ಲ. ಆ ಮೂರು ಕಲ್ಲು ಮೆಟ್ಟಿಲೂ ಅಲ್ಲೇ ಇವೆ. ಅಮ್ಮ ಮಾತ್ರ ರಾತ್ರಿ ಅವನ್ನು ಇಳಿಯಬೇಕಾಗಿಲ್ಲ. ಈಗ ಮಂಚದಿಂದ ಬಚ್ಚಲಿಗೆ ಒಂಬತ್ತೇ ಹೆಜ್ಜೆ. 2024ರ ಮಳೆಗಾಲ ಪೂರ್ತಿ ಅವರು ಒಬ್ಬರೇ ಕಳೆದರು, ತಮ್ಮದೇ ಮನೆಯಲ್ಲಿ. ಫೋನು ಮಾಡಿದಾಗ ನಾನು "ಮನೆ ಹೇಗಿದೆ ಅಮ್ಮಾ?" ಅಂದರೆ, "ಮನೆಗೆಂತ ಆಗ್ತದೆ ಮಾರಾಯ, ನಾನು ಹೇಗಿದ್ದೇನೆ ಅಂತ ಕೇಳು" ಅಂತ ನಗ್ತಾರೆ.

ಓದುಗರೇ, ಈ ಪತ್ರಿಕೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ಕೊಂಡು ಊರಿನ ಬಸ್ಸು ಹತ್ತಿದವರು ನಿಮ್ಮಲ್ಲಿ ಅನೇಕರಿದ್ದೀರಿ. ನಿಮ್ಮ ಊರಿನಲ್ಲೂ ಒಂದು ಹಳೇ ಮನೆ, ಅದರಲ್ಲೊಬ್ಬರು ವಯಸ್ಸಾದವರು ಇರಬಹುದು. ಬಜೆಟ್ಟು, ಪ್ಲಾನು, ಪಾಲಿನ ಮಾತು ಆಮೇಲಿರಲಿ. ಇವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ, ದೀಪ ಹಾಕದೆ, ಅವರ ಮಂಚದಿಂದ ಬಚ್ಚಲಿನವರೆಗೆ ಮೆಲ್ಲಗೆ ಒಮ್ಮೆ ನಡೆದು ನೋಡಿ. ಹೆಜ್ಜೆ ಎಣಿಸೋದು ಮರೀಬೇಡಿ!