ಇಂಗಿನ ಡಬ್ಬಿಯೊಳಗಿನ ಗೋಧಿ

ದಾವಣಗೆರೆ ಗೋಧಿಯ ಊರಲ್ಲ. ಬೆಣ್ಣೆದೋಸೆಗೆ ಅಕ್ಕಿ, ಉದ್ದು, ಮಂಡಕ್ಕಿ; ಮೆಣಸಿನಕಾಯಿ ಬಜ್ಜಿಗೆ ಕಡ್ಲೆಹಿಟ್ಟು; ರೊಟ್ಟಿಗೆ ಜೋಳ. ಸುತ್ತಲ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗಿಗೆ ಇದಕ್ಕಿಂತ ಅನುಕೂಲದ ಊರು ಬೇಕೆ? ಊಟದ ಚಿಂತೆ ನಿಜಕ್ಕೂ ಇಲ್ಲ. ಕಾಟ ಕೊಡುವುದು ಚಿಟಿಕೆ, ಚಮಚದ ಲೆಕ್ಕದಲ್ಲಿ ಬೀಳುವ ವಸ್ತುಗಳು. ನಮ್ಮ ಮನೆಯಲ್ಲೊಬ್ಬಳಿಗೆ ಡಾಕ್ಟರು ಗೋಧಿ ಬಿಡಿಸಿದ ಮೇಲೆ ಊರಿನ ಚೌಕಿಪೇಟೆಯ ಅಂಗಡಿಗಳನ್ನು ಬೇರೆ ಕಣ್ಣಿನಿಂದ ನೋಡಬೇಕಾಯಿತು.

ಇಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ ಇಡಿಯಾಗಿ ಸಿಗುತ್ತವೆ. ಮೊರದಲ್ಲಿ ಹಾಕಿ ಆರಿಸಿದರೆ ಕಲಬೆರಕೆ ಕಣ್ಣಿಗೇ ಕಾಣುತ್ತದೆ. ಸಿಕ್ಕಿಹಾಕಿಕೊಳ್ಳುವುದು ಇಂಗಿನಲ್ಲಿ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಅನ್ನುವ ನಾಡಿದು; ಇಂಗಿಲ್ಲದ ಸಾರು ಯಾರಿಗೆ ಬೇಕು? ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬರುವ ಅಸಲಿ ಇಂಗು ಗಿಡದ ಬೇರಿನಿಂದ ಒಸರುವ ಅಂಟು. ಅದರ ಘಾಟು ಹಾಗೇ ತಡೆಯುವಂಥದ್ದಲ್ಲ. ಅದಕ್ಕೇ ಗೋಂದು, ಪಿಷ್ಟ ಅಥವಾ ಹಿಟ್ಟು ಬೆರೆಸಿ ಮಾರುತ್ತಾರೆ. ಕಾನೂನೂ ಇದಕ್ಕೆ ಒಪ್ಪಿದೆ. ಆ ಹಿಟ್ಟು ಎಷ್ಟೋ ಸಲ ಗೋಧಿಯದು. ಅಂಗಡಿಯವರು ಮೂರು ಬಗೆಯ ಡಬ್ಬಿ ಇಟ್ಟರು. ಅಕ್ಷರ ಸಾಸಿವೆಗಿಂತ ಸಣ್ಣವು. ಒಂದರಲ್ಲಿ ಮೈದಾ, ಇನ್ನೊಂದರಲ್ಲಿ ಬರೀ 'ಖಾದ್ಯ ಹಿಟ್ಟು', ಮೂರನೆಯದರಲ್ಲಿ ಅಕ್ಕಿಹಿಟ್ಟು. "ಇಂಗಿನ್ಯಾಗ ಗೋಧಿ ಎಲ್ಲೈತ್ರೀ?" ಎಂದು ನಕ್ಕವರು ತಾವೇ ಓದಿ ಸುಮ್ಮನಾದರು.

ಇಂಗಿನ ಬೆನ್ನಿಗೇ ಉಪ್ಪಿನಕಾಯಿ, ಸಾರಿನಪುಡಿ, ಪುಳಿಯೋಗರೆ ಗೊಜ್ಜೂ ಅನುಮಾನದ ಸಾಲಿಗೆ ಬರುತ್ತವೆ. ಇಷ್ಟು ಚಿಟಿಕೆಗೆ ಏನಾದೀತು ಅನ್ನುವವರಿದ್ದಾರೆ. ಸೀಲಿಯಾಕ್‌ನಲ್ಲಿ ಗ್ಲುಟೆನ್ ಕಂಡರೆ ದೇಹ ತನ್ನ ಸಣ್ಣ ಕರುಳಿನ ಒಳಪದರದ ಮೇಲೇ ಎರಗುತ್ತದೆ. ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ 'ಗ್ಲುಟೆನ್ ರಹಿತ' ಎನ್ನಲು ಇರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಗೋಧಿ ಇದ್ದರೆ ಪ್ಯಾಕೆಟ್ ಮೇಲೆ ಬರೆಯುವುದು ಕಡ್ಡಾಯ. ಆದರೆ ಹಾಳೆಯಲ್ಲಿ ಕಟ್ಟಿಕೊಡುವ ಬಿಡಿ ಪುಡಿಗೆ ಲೇಬಲ್ ಎಲ್ಲಿಂದ ಬರಬೇಕು?

ಸಂಜೆಯ ಗೋಬಿ ಗಾಡಿಯವನದು ಒಳ್ಳೆಯ ಮನಸ್ಸು. "ಮೈದಾ ಬಿಟ್ಟು ಬರೀ ಕಾರ್ನ್‌ಫ್ಲೋರ್‌ನ್ಯಾಗ ಮಾಡ್ಕೊಡ್ತೀನಿ" ಎಂದ. ಅಷ್ಟರಲ್ಲಿ ಕೈ ಸೋಯಾ ಸಾಸಿನ ಕಪ್ಪು ಸೀಸೆಗೆ ಹೋಯಿತು. ಸೋಯಾ ಜೊತೆ ಗೋಧಿಯನ್ನೂ ಸೇರಿಸಿ ಹುದುಗಿಸುವುದು ಆ ಸಾಸಿನ ಸಾಂಪ್ರದಾಯಿಕ ಪದ್ಧತಿ. ಮಾಲ್ಟ್ ವಿನಿಗರ್ ಆದರೆ ಬಾರ್ಲಿ. ಪಕ್ಕದ ಗಾಡಿಯ ಖಾರಮಂಡಕ್ಕಿಯೇ ವಾಸಿ. ಮೆಣಸಿನಕಾಯಿ ಬೇಕಾದರೆ ಅದೇ ಎಣ್ಣೆಗೆ ಮೈದಾ ಬೋಂಡಾ ಇಳಿದಿದೆಯೇ ಎಂದು ಮೊದಲು ಕೇಳಬೇಕು.

ಮರುದಿನ ಹರಿಹರ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರನಿಗೆ ಕೈಮುಗಿದು ಹಿಟ್ಟಿನ ಗಿರಣಿ ಹುಡುಕಿದೆ. ಬಿಡಿ ಪುಡಿ ಬಿಟ್ಟು ನಾವೇ ಪುಡಿ ಮಾಡಿಸಿಕೊಳ್ಳುವ ಉಪಾಯಕ್ಕೆ ಅಡ್ಡಗಾಲು ಹಾಕುವುದು ಇದೇ ಜಾಗ. ಕಲ್ಲಿನ ಸಂದಿಯಲ್ಲಿ ಹಿಂದಿನವರ ಗೋಧಿ ಕೂತಿರುತ್ತದೆ; ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಚೀಲ ಕೊಡವಿದರೆ ಬೆಳ್ಳಗೆ ಹಾರುತ್ತದೆ. ನಮ್ಮ ಕಡ್ಲೆಬೇಳೆ ಅದರ ಹಿಂದೆಯೇ ಬಿದ್ದರೆ ಮುಗಿಯಿತು. ಮೊದಲ ಬೊಗಸೆ ಚೆಲ್ಲಿದರೆ ಸಾಕು ಅನ್ನುವುದು ಗಿರಣಿಯವರ ಮಾತು, ನನಗೆ ಒಪ್ಪಿಗೆಯಿಲ್ಲ. ಖಾರ ಕುಟ್ಟುವ ಯಂತ್ರ ಮಾತ್ರ ಬೇರೆಯಿತ್ತು. ಮೆಣಸಿನ ಘಾಟು ಹಿಟ್ಟಿಗೆ ಹತ್ತಬಾರದೆಂದು ಇಟ್ಟ ವ್ಯವಸ್ಥೆ. ಗೋಧಿ ತಿನ್ನದವರಿಗೆ ಪುಕ್ಕಟೆ ಲಾಭ.

ದೇವಸ್ಥಾನದ ದಾರಿಯಲ್ಲಿ ಒಬ್ಬಾಕೆ ಚಟ್ನಿಪುಡಿ ಮಾರುತ್ತಿದ್ದಳು: ಶೇಂಗಾ, ಅಗಸಿ, ಗುರೆಳ್ಳು. ಮನೆಯ ಮಿಕ್ಸಿಯಲ್ಲೇ ಮಾಡಿದ್ದಂತೆ. ಶೇಂಗಾದ್ದಕ್ಕೆ ಏನೇನು ಹಾಕಿದ್ದೀಯಮ್ಮ ಎಂದೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಎಂದು ಬೆರಳು ಮಡಚಿದಳು.

"ಇಂಗು?"

"ಬೆಳ್ಳುಳ್ಳಿ ಹಾಕಿದ ಮ್ಯಾಲೆ ಇಂಗ್ಯಾಕ್ರೀ?"

ಅರ್ಧ ಕಿಲೋ ಕಟ್ಟಿಸಿದೆ.