ಸೇರ್ಪಡೆ ಬೋನಸ್

ಸೇರ್ಪಡೆ ಬೋನಸ್ ಎಂದರೆ ಹೊಸದಾಗಿ ಕೆಲಸಕ್ಕೆ ಸೇರುವ ವ್ಯಕ್ತಿಗೆ ಸಂಬಳದ ಹೊರತಾಗಿ ಉದ್ಯೋಗದಾತನು ಒಮ್ಮೆ ಮಾತ್ರ ಕೊಡುವ ಹಣ. ಬೆಂಗಳೂರಿನ ಕಂಪನಿಗಳಲ್ಲಿ ಇದು ‘ಜಾಯಿನಿಂಗ್ ಬೋನಸ್’ ಎಂದೇ ಬಳಕೆಯಲ್ಲಿದೆ. ಮಾಡಿದ ಕೆಲಸಕ್ಕೆ ಕೊಡುವ ವಾರ್ಷಿಕ ಬೋನಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಇದು ಇನ್ನೂ ಮಾಡಬೇಕಾದ ಕೆಲಸಕ್ಕೆ ಮೊದಲೇ ಸಲ್ಲುವ ಹಣವಾದ್ದರಿಂದ, ಇದರ ಎಲ್ಲ ಅನುಕೂಲಗಳೂ ತೊಡಕುಗಳೂ ಈ ‘ಮೊದಲೇ’ ಎಂಬುದರಿಂದಲೇ ಹುಟ್ಟುತ್ತವೆ.

ಹಿನ್ನೆಲೆ

ಹೆಸರು ಹೊಸದಾದರೂ ಪದ್ಧತಿ ಹಳೆಯದು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಂತಹ ಸಂತೆಗಳಲ್ಲಿ ವ್ಯಾಪಾರ ಕುದುರಿದೊಡನೆ ಕೊಳ್ಳುವವನು ಮಾತು ಉಳಿಸಿಕೊಳ್ಳಲು ಕೊಡುವ ಅಲ್ಪ ಹಣಕ್ಕೆ ಸಂಚಕಾರ ಎನ್ನುತ್ತಾರೆ. ಇದೇ ಪದಕ್ಕೆ ಇಂದಿನ ಬಳಕೆಯಲ್ಲಿ ‘ಕೇಡು’ ಎಂಬ ಅರ್ಥವೂ ಬಂದಿರುವುದು (‘ಪ್ರಾಣಕ್ಕೆ ಸಂಚಕಾರ’) ಗಮನಾರ್ಹ.

ಎತ್ತಿಗೆ ಕೊಟ್ಟ ಸಂಚಕಾರ ಅಂದಿಗೇ ಮುಗಿಯುತ್ತದೆ. ಮನುಷ್ಯನ ದುಡಿಮೆಗೆ ಕೊಟ್ಟ ಮುಂಗಡ ಹಾಗೆ ಮುಗಿಯುವುದಿಲ್ಲ. ಮಗ್ಗದ ಊರುಗಳಲ್ಲಿ ನುರಿತ ನೇಕಾರನನ್ನು ಕರೆತರಲು ಮಾಲೀಕರು ಬಡ್ಡಿಯಿಲ್ಲದ ಮುಂಗಡ ಕೊಡುವ ರೂಢಿಯಿದೆ. ಬೇರೆ ಮಗ್ಗಕ್ಕೆ ಹೋಗಬಯಸುವ ನೇಕಾರನು ಅದನ್ನು ತೀರಿಸಬೇಕು, ಇಲ್ಲವೇ ಹೊಸ ಮಾಲೀಕನು ಅವನ ಪರವಾಗಿ ತೀರಿಸಬೇಕು. ಹೀಗೆ ಮನೆಯ ಮದುವೆಗೋ ಆಸ್ಪತ್ರೆಗೋ ಒದಗಿದ ಹಣವೇ ಕಾಲಿಗೆ ಕಟ್ಟಿದ ಹಗ್ಗವಾಗುವುದುಂಟು. ಬ್ರಿಟಿಷರ ಕಾಲದ 1859ರ ಒಂದು ಕಾಯ್ದೆಯಂತೂ ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಜೈಲಿಗೆ ಕಳುಹಿಸಲು ಅವಕಾಶ ಕೊಟ್ಟಿತ್ತು. ಅದು ರದ್ದಾದದ್ದು 1920ರ ದಶಕದಲ್ಲಿ. ರಾಮನಗರ, ಮಾಗಡಿ ಭಾಗದ ರೇಷ್ಮೆ ಕೆಲಸದಲ್ಲಿ ತಂದೆತಾಯಿಗಳು ಪಡೆದ ಮುಂಗಡಕ್ಕಾಗಿ ಮಕ್ಕಳು ದುಡಿಯುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿಯೂ ದಾಖಲಿಸಿತು. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದು ಆಗಲೇ ಕಾಲು ಶತಮಾನ ಕಳೆದಿತ್ತು. ಅದು 1976ರ ಕಾಯ್ದೆ.

ಬಳಸುವ ಬಗೆ

ಅಭ್ಯರ್ಥಿಯು ಹಳೆಯ ಕೆಲಸ ಬಿಡುವುದರಿಂದ ನಿಜವಾಗಿ ಏನನ್ನಾದರೂ ಕಳೆದುಕೊಳ್ಳುವಾಗ ಸೇರ್ಪಡೆ ಬೋನಸ್ಸು ಹೆಚ್ಚು ಸಾರ್ಥಕ. ವರ್ಷದ ಕೊನೆಗೆ ಬರಬೇಕಿದ್ದ ಬೋನಸ್, ಕೈಗೆ ಬರಲು ಇನ್ನೂ ಸಮಯವಿದ್ದ ಷೇರುಗಳು, ನೋಟಿಸ್ ಅವಧಿ ಪೂರೈಸದೆ ಬಂದುದಕ್ಕೆ ಕಟ್ಟಬೇಕಾದ ಹಣ, ಊರು ಬದಲಿಸುವ ವೆಚ್ಚ, ಇವು ಲೆಕ್ಕಕ್ಕೆ ಸಿಗುವ ನಷ್ಟಗಳು. ಇಂತಹ ಸಂದರ್ಭದಲ್ಲಿ ಮೂಲವೇತನ ಏರಿಸಿದರೆ ಆ ಭಾರ ಪ್ರತಿ ವರ್ಷವೂ ಉಳಿಯುತ್ತದೆ. ಬೋನಸ್ಸು ಒಂದು ಸಲಕ್ಕೆ ತೀರುತ್ತದೆ. ಆದರೆ ಕೆಲಸದ ಸಂಬಳವೇ ಮಾರುಕಟ್ಟೆಗಿಂತ ಕಡಿಮೆಯಿದ್ದರೆ ಬೋನಸ್ಸು ಆ ಕೊರತೆಯನ್ನು ಮುಚ್ಚಿಡುತ್ತದೆಯೇ ಹೊರತು ನೀಗಿಸುವುದಿಲ್ಲ. ಎರಡನೆಯ ವರ್ಷ ಕೈಗೆ ಬರುವ ಒಟ್ಟು ಮೊತ್ತ ಇಳಿದಾಗ ನೌಕರನಿಗೆ ಅದು ಸಂಬಳ ಕಡಿತದಂತೆಯೇ ತೋರುತ್ತದೆ. ಹತ್ತು ವರ್ಷ ದುಡಿದ ಹಳಬರಿಗೆ ಸಿಗದ ಹಣ ನಿನ್ನೆ ಬಂದವನಿಗೆ ಸಿಕ್ಕಿತೆಂಬ ಅಸಮಾಧಾನವೂ ಸಣ್ಣದಲ್ಲ.

ಹಣವನ್ನು ಎರಡು ಕಂತುಗಳಲ್ಲಿ, ಸೇರಿದಾಗ ಒಂದು ಭಾಗ ಮತ್ತು ಆರು ತಿಂಗಳು ಅಥವಾ ವರ್ಷ ತುಂಬಿದಾಗ ಉಳಿದದ್ದು ಎಂದು ಕೊಡುವುದು ವಾಡಿಕೆ. ಒಮ್ಮೆಗೇ ಕೊಟ್ಟರೆ ಮರುಪಾವತಿಯ ಷರತ್ತು ಇರುತ್ತದೆ. ಈ ಷರತ್ತು ದುಡಿದ ತಿಂಗಳುಗಳಿಗೆ ತಕ್ಕಂತೆ ಇಳಿಯುತ್ತ ಹೋಗುವುದು ನ್ಯಾಯ. ಉದಾಹರಣೆಗೆ, 24 ತಿಂಗಳ ಷರತ್ತಿನ ಮೇಲೆ 2,40,000 ರೂಪಾಯಿ ಪಡೆದವನು 15 ತಿಂಗಳಿಗೆ ಬಿಟ್ಟರೆ ಹಿಂದಿರುಗಿಸಬೇಕಾದದ್ದು ಉಳಿದ 9 ತಿಂಗಳ ಪಾಲು, 90,000 ರೂಪಾಯಿ. ಇಲ್ಲಿ ತೆರಿಗೆಯ ತೊಡಕೊಂದಿದೆ. ಭಾರತದಲ್ಲಿ ಸೇರ್ಪಡೆ ಬೋನಸ್ಸು ಸಂಬಳದ ಆದಾಯವೆಂದೇ ತೆರಿಗೆಗೆ ಒಳಪಡುತ್ತದೆ. ಶೇ 30ರಂತೆ ತೆರಿಗೆ ಮುರಿದಿದ್ದರೆ ಆ 90,000 ರೂಪಾಯಿಯಲ್ಲಿ ನೌಕರನ ಕೈಸೇರಿದ್ದು 63,000 ಮಾತ್ರ. ಹಿಂದಿರುಗಿಸುವುದು ಯಾವ ಮೊತ್ತವೆಂದು ನೇಮಕಾತಿ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಕಂಪನಿಯೇ ಕೆಲಸದಿಂದ ತೆಗೆದರೆ ಮರುಪಾವತಿ ಇಲ್ಲವೆಂಬ ಮಾತೂ ಅಲ್ಲಿರುವುದು ಅಗತ್ಯ. ಸಹಿ ಹಾಕುವ ಯುವಕರು ಸಾಮಾನ್ಯವಾಗಿ ಓದದೆ ಬಿಡುವ ಸಾಲೂ ಇದೇ.

ಬೋನಸ್ಸಿನ ಮಾತು ತಪ್ಪಿದರೆ ಏನಾಗುತ್ತದೆಂಬುದಕ್ಕೆ ಚೀನಾದ ಝೆಂಗ್‌ಝೌ ನಗರದ ಘಟನೆ ನಿದರ್ಶನ. ಈಗ ದೇವನಹಳ್ಳಿ ತಾಲ್ಲೂಕಿನಲ್ಲಿಯೂ ಕಾರ್ಖಾನೆ ಹೊಂದಿರುವ ಫಾಕ್ಸ್‌ಕಾನ್ ಕಂಪನಿ 2022ರಲ್ಲಿ ಅಲ್ಲಿ ಬೋನಸ್ಸಿನ ಆಮಿಷದಿಂದ ಸಾವಿರಾರು ಜನರನ್ನು ಸೇರಿಸಿಕೊಂಡಿತು. ಹೇಳಿದ್ದಕ್ಕಿಂತ ಷರತ್ತುಗಳು ಬೇರೆಯಾಗಿವೆಯೆಂದು ಹೊಸ ಕಾರ್ಮಿಕರು ನವೆಂಬರಿನಲ್ಲಿ ಪ್ರತಿಭಟನೆಗಿಳಿದರು. ತಾಂತ್ರಿಕ ದೋಷವಾಯಿತೆಂದು ಕ್ಷಮೆ ಕೇಳಿದ ಕಂಪನಿ, ಕೊನೆಗೆ ಬಿಟ್ಟು ಹೋಗುವವರಿಗೆ 10,000 ಯುವಾನ್ ಕೊಡಲು ಮುಂದಾಯಿತು. ಬರಲೆಂದು ಕೊಡಬೇಕಿದ್ದ ಹಣ ಹೋಗಲೆಂದು ಕೊಡುವ ಹಣವಾಯಿತು.

ಕಾನೂನು

ಕೆಲಸಕ್ಕೆ ಸೇರುವ ಮುನ್ನ ಕೊಟ್ಟ ಮುಂಗಡವನ್ನು ಮೊದಲ ಪೂರ್ಣ ಅವಧಿಯ ವೇತನದಿಂದ ಹಿಡಿಯಬಹುದು, ಆದರೆ ಪ್ರಯಾಣಕ್ಕೆಂದು ಕೊಟ್ಟ ಮುಂಗಡವನ್ನು ಹಿಡಿಯುವಂತಿಲ್ಲ ಎಂಬ ನಿಯಮ 1936ರ ವೇತನ ಪಾವತಿ ಕಾಯ್ದೆಯಲ್ಲಿತ್ತು. ಆ ಕಾಯ್ದೆಯನ್ನು 2019ರ ವೇತನ ಸಂಹಿತೆಯಲ್ಲಿ ವಿಲೀನಗೊಳಿಸಲಾಗಿದೆ.

ನಿಗದಿತ ಅವಧಿಗೆ ಮೊದಲೇ ಕೆಲಸ ಬಿಟ್ಟರೆ ಹಣ ಕಟ್ಟಬೇಕೆಂಬ ಒಪ್ಪಂದದ ಬಗ್ಗೆ ಮುಖ್ಯವಾದ ತೀರ್ಪು ಕರ್ನಾಟಕದಿಂದ ಹೋದ ವಿಜಯಾ ಬ್ಯಾಂಕ್ ಪ್ರಕರಣದ್ದು. ಮೂರು ವರ್ಷ ತುಂಬುವ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಹೈಕೋರ್ಟ್ ಒಪ್ಪಿರಲಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿದ್ದದ್ದು ಬೋನಸ್ಸಿನ ಮರುಪಾವತಿಯಲ್ಲ, ನೇಮಕಾತಿಯ ನಷ್ಟಪರಿಹಾರ. ಆದರೂ ತರ್ಕ ಎರಡಕ್ಕೂ ಹತ್ತಿರದ್ದು. ಹಣ ಕಟ್ಟಿ ಹೊರನಡೆಯುವ ದಾರಿ ತೆರೆದಿರುವವರೆಗೆ ಅಂತಹ ಷರತ್ತು ಬೇರೆಡೆ ದುಡಿಯುವುದಕ್ಕೆ ಹಾಕಿದ ನಿರ್ಬಂಧವೆನಿಸದು. ಹಿರಿಯ ಅಧಿಕಾರಿಗೆ 2 ಲಕ್ಷ ಕಟ್ಟಲಾಗದ ಮೊತ್ತವಲ್ಲ ಎಂಬುದನ್ನೂ ನ್ಯಾಯಾಲಯ ಪರಿಗಣಿಸಿತು. ಮಗ್ಗದ ಮುಂದೆ ಕುಳಿತ ನೇಕಾರನಿಗೆ ಅದೇ ಮೊತ್ತದ ತೂಕ ಬೇರೆ.