ಬಲ್ಮಠದ ಖಾಕಿ, ಮಾರ್ನೆಮಿಯ ಪೊಲೀಸ್

ಮಾರ್ನೆಮಿ ಎಂದು ಕರೆಯುವ ನವರಾತ್ರಿಯಲ್ಲಿ ಮಂಗಳೂರಿನ ಬೀದಿಗಿಳಿಯುವ ವೇಷಗಳಲ್ಲಿ ಹುಲಿಗೆ ಸಿಗುವ ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ. ತಾಸೆ, ಬಣ್ಣ, ಊದುಪೂಜೆ, ಈಗ ಸ್ಪರ್ಧೆ, ಬಹುಮಾನ, ನೇರಪ್ರಸಾರ ಎಲ್ಲವೂ ಅದಕ್ಕೇ. ಆ ಗದ್ದಲದಿಂದ ತುಸು ದೂರ, ಅಂಗಡಿಯಿಂದ ಅಂಗಡಿಗೆ ಒಬ್ಬೊಬ್ಬರೇ ಹೋಗುವ ಇನ್ನೊಂದು ಬಳಗವುಂಟು: ಪೊಲೀಸ್, ಮಿಲಿಟರಿಯವ, ಪೋಸ್ಟ್‌ಮ್ಯಾನ್, ಕುತ್ತಿಗೆಗೆ ಸ್ಟೆತೊಸ್ಕೋಪ್ ನೇತುಹಾಕಿದ ಡಾಕ್ಟರು, ಮರದ ಕೋವಿ ಹೊತ್ತ ಬೇಟೆಗಾರ. ಬಹಳಷ್ಟು ಜನರದ್ದು ಹರಕೆಯ ವೇಷ. ಇವರಿಗೆ ಮೈಬಣ್ಣದ ಖರ್ಚಿಲ್ಲ, ಬ್ಯಾಂಡಿನ ಖರ್ಚಿಲ್ಲ. ಮನೆಯ ಕಪಾಟು ತೆರೆದರೆ ಅರ್ಧ ವೇಷ ಅಲ್ಲೇ ಸಿಗುತ್ತದೆ.

ಪೊಲೀಸ್ ವೇಷವನ್ನೇ ತೆಗೆದುಕೊಳ್ಳಿ. ಅಂಗಿ ರಿಕ್ಷಾ ಓಡಿಸುವ ಮಾವನದು. ಪ್ಯಾಂಟು ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿರುವ ನೆರೆಮನೆಯವನದು. ಸೊಂಟ ಹಿಡಿಯದಿದ್ದರೆ ಹಿಂದೆ ಒಂದು ಸೇಫ್ಟಿಪಿನ್. ಬೆಲ್ಟು ಅಣ್ಣನ ಎನ್‌ಸಿಸಿ ಕಾಲದ್ದು. ಎರಡು ಖಾಕಿಗೂ ಹೊಂದಾಣಿಕೆ ಇರುವುದಿಲ್ಲ. ಒಂದು ಒಗೆದೊಗೆದು ಬಿಳಿಚಿರುತ್ತದೆ, ಇನ್ನೊಂದು ಹೊಸತು. ಟೊಪ್ಪಿ ಮಾತ್ರ ಕೂತು ಮಾಡಬೇಕು. ರಟ್ಟು ಬಗ್ಗಿಸಿ, ಮೇಲೆ ಖಾಕಿ ತುಂಡು ಅಂಟಿಸಿ, ಮುಂದೆ ಬೇಗಡೆ ಕತ್ತರಿಸಿ ಮಾಡಿದ ಬಿಲ್ಲೆ. ಭುಜಕ್ಕೆ ಕೆಂಪು ರಿಬ್ಬನ್, ಜೇಬಿನಿಂದ ಇಳಿಬಿಟ್ಟ ದಾರದ ತುದಿಗೆ ವಿಷಲ್. ವಿಷಲ್ ಊದಿದ ಮೇಲೆ ಅಂಗಿ ಯಾರದೆಂದು ಯಾರೂ ಕೇಳುವುದಿಲ್ಲ.

ಒಂದೇ ವಠಾರದಲ್ಲಿ ಇಷ್ಟೊಂದು ಖಾಕಿ ಬಂದದ್ದಾದರೂ ಹೇಗೆ? ಆ ಬಟ್ಟೆಯ ಜಾತಕದ ಒಂದು ಪುಟ ಇದೇ ಊರಿನಲ್ಲಿದೆ, ಬಲ್ಮಠ ಗುಡ್ಡೆಯಲ್ಲಿ.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರವಾದವರನ್ನು ಜಾತಿಯವರು ಹೊರಗಿಟ್ಟರು, ಒಕ್ಕಲು ಬಿಡಿಸಿದರು. ಅವರಿಗೆ ಹೊಟ್ಟೆಪಾಡಿನ ದಾರಿ ತೋರಿಸುವ ಹೊಣೆ ಮಿಷನ್ನಿನ ತಲೆಗೆ ಬಂತು. ನೇಯ್ಗೆ, 1865ರ ಹಂಚಿನ ಕಾರ್ಖಾನೆ ಎಲ್ಲ ಹುಟ್ಟಿದ್ದು ಈ ಇಕ್ಕಟ್ಟಿನಿಂದ. 1851ರಲ್ಲಿ ಯುರೋಪಿನಿಂದ ಜಾನ್ ಹಾಲರ್ ಎಂಬ ಪಳಗಿದ ನೇಕಾರ ಬಂದ. ಮಗ್ಗಗಳ ಜೊತೆಗೆ ಬಣ್ಣದ ಮನೆಯನ್ನೂ ಹೂಡಿದ. ಗೇರಿನ ಬಳಗಕ್ಕೆ ಸೇರಿದ ಮರವೊಂದರ ರಸದಿಂದ ಮಣ್ಣಿನ ಬಣ್ಣವೊಂದನ್ನು ತೆಗೆದ ಎನ್ನುತ್ತದೆ ಮಿಷನ್ನಿನ ಚರಿತ್ರೆ. ನಂಬಲು ಕಷ್ಟವಿಲ್ಲ. ಅಗಸರು ಬಟ್ಟೆಗೆ ಅಳಿಸದ ಗುರುತು ಹಾಕುತ್ತಿದ್ದದ್ದು ಇದೇ ಬಳಗದ ಕೇರುಬೀಜದಿಂದ. ಗೋಡಂಬಿ ಕಾರ್ಖಾನೆಯಲ್ಲಿ ದುಡಿದ ಹೆಂಗಸರ ಕೈಬೆರಳು ನೋಡಿದವರಿಗೆ ಈ ರಸ ಎಷ್ಟು ಹಠಮಾರಿಯೆಂದು ಗೊತ್ತು.

ಮುಂದಿನ ಕಥೆಯನ್ನೂ ಮಿಷನ್ನಿನವರೇ ಹೇಳುತ್ತಾರೆ. ಮೊದಲು ಕೆನರಾ ಜಿಲ್ಲೆಯ ಪೊಲೀಸರಿಗೆ ಈ ಖಾಕಿ ಬಟ್ಟೆ ಹಿಡಿಸಿತು. ಆಮೇಲೆ ಮದ್ರಾಸ್ ಸೈನ್ಯದ ದಂಡನಾಯಕನಾಗಿದ್ದ ರಾಬರ್ಟ್ಸ್ ಬಲ್ಮಠದ ನೇಯ್ಗೆಶಾಲೆಗೆ ಬಂದು ನೋಡಿ, ಸೈನಿಕರಿಗೂ ಇದೇ ಆಗಲಿ ಎಂದು ಶಿಫಾರಸು ಮಾಡಿದ. ಆತ ಆ ಹುದ್ದೆಯಲ್ಲಿದ್ದದ್ದು 1881ರಿಂದ 1885ರವರೆಗೆ.

ಖಾಕಿಯನ್ನು ಜಗತ್ತಿಗೆ ಕೊಟ್ಟದ್ದೇ ನಾವು ಎಂದು ಇಲ್ಲಿ ಎದೆತಟ್ಟಿಕೊಳ್ಳುವವರಿದ್ದಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. 1846ರಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡನ್ ಕಟ್ಟಿದ ಗೈಡ್ಸ್ ಪಡೆ ಹಾಲರ್ ಬರುವ ಮೊದಲೇ ಧೂಳುಬಣ್ಣ ತೊಟ್ಟಿತ್ತು. ಲ್ಯಾಂಕಶೈರಿನ ಗ್ಯಾಟಿ ಎಂಬಾತ ಬಿಡದ ಖಾಕಿ ಬಣ್ಣಕ್ಕೆ 1884ರಲ್ಲಿ ಪೇಟೆಂಟ್ ಪಡೆದ ಮೇಲೆ ಮರದ ರಸದ ಹಂಗೂ ತಪ್ಪಿತು. ನನಗೆ ಮುಖ್ಯವೆನಿಸುವುದು ಬೇರೆ. ಪೇಶಾವರದ ಖಾಕಿ ಕಾದಾಟದ ಅಗತ್ಯಕ್ಕೆ ಹುಟ್ಟಿತು. ನಮ್ಮದು ಕೆಲಸ ಕಳೆದುಕೊಂಡವರ ಕೈಗೆ ಕೆಲಸ ಕೊಡಲು ಹೋಗಿ ಹುಟ್ಟಿತು. ಮೊದಲ ಮಹಾಯುದ್ಧದಲ್ಲಿ, ಜರ್ಮನರಿದ್ದ ಸಂಸ್ಥೆಯೆಂದು ಸರ್ಕಾರ ಮಿಷನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ದಾಟಿಸಿತು. ಆ ಹೊತ್ತಿಗೆ ಖಾಕಿಗೆ ಬಲ್ಮಠದ ನೆನಪೇ ಬೇಕಿರಲಿಲ್ಲ.

ದರ್ಪದ ಬಣ್ಣವಾಗಿದ್ದ ಅದು ಬರಬರುತ್ತ ದುಡಿಮೆಯ ಬಣ್ಣವಾಯಿತು. ಅಂಚೆಯವನಿಗೆ, ಹೋಮ್‌ಗಾರ್ಡಿಗೆ, ಬಸ್ಸಿನವರಿಗೆ, ರಿಕ್ಷಾದವರಿಗೆ ಎಲ್ಲರಿಗೂ ಅದೇ. ಹಾಗಾಗಿ ಬಲ್ಮಠ ರಸ್ತೆಯಲ್ಲಿ ಈಗ ಹತ್ತು ಖಾಕಿ ಅಂಗಿ ಕಂಡರೆ ಒಂಬತ್ತಕ್ಕೆ ಯಾರೂ ಹೆದರುವುದಿಲ್ಲ. ವೇಷದವನ ಬಂಡವಾಳ ಇದೇ. ಬಡವನ ಅಂಗಿಗೂ ಪೊಲೀಸಪ್ಪನ ಅಂಗಿಗೂ ನಡುವೆ ಇರುವುದು ಒಂದು ರಟ್ಟಿನ ಟೊಪ್ಪಿ ಎಂಬುದನ್ನು ಅವನು ಬೀದಿಯಲ್ಲಿ ನಿಂತು ತೋರಿಸುತ್ತಾನೆ. ರಥಬೀದಿಯ ಅಂಗಡಿಯೊಂದರ ಮುಂದೆ ಅಂಥವನೊಬ್ಬ ಲಾಠಿ ಕುಟ್ಟಿ, "ಎಂತ ಮಾರಾಯ್ರೆ, ಲೈಸನ್ಸ್ ಉಂಟಾ?" ಅಂದ. ಧನಿಗಳು ಗಲ್ಲಾಪೆಟ್ಟಿಗೆಯಿಂದ ತಲೆಯೆತ್ತದೆ ಇಪ್ಪತ್ತರ ನೋಟು ಚಾಚಿ, "ಇದರಲ್ಲಿ ಮುಗಿಸಿ ಸಾರ್" ಎಂದರು. ಕೊಟ್ಟದ್ದು ಹರಕೆಯ ಕಾಣಿಕೆಯೋ ಮಾಮೂಲಿಯೋ? ಸುತ್ತ ನಿಂತವರಿಗೆ ನಗು ಬಂದದ್ದು ಅದಕ್ಕೇ. ನಿಜವಾದ ಕಾನ್‌ಸ್ಟೆಬಲ್ ಒಬ್ಬರು ಆಚೆ ಬದಿಯಲ್ಲಿ ನಿಂತು ತಾವೂ ನಗುತ್ತಿದ್ದರು.

ಕಾನೂನು ಇದನ್ನು ಸಹಿಸುತ್ತದೆಯೇ? ಭಾರತೀಯ ನ್ಯಾಯ ಸಂಹಿತೆಯ 205ನೇ ಕಲಮು ಸರ್ಕಾರಿ ನೌಕರರ ಸಮವಸ್ತ್ರಕ್ಕೆ, 168ನೇ ಕಲಮು ಸೈನಿಕರ ಸಮವಸ್ತ್ರಕ್ಕೆ. ಎರಡರಲ್ಲೂ ಮೂರು ತಿಂಗಳವರೆಗೆ ಸೆರೆಯುಂಟು, ಆದರೆ ನೋಡಿದವರು ನಿಜವೆಂದು ನಂಬಲಿ ಎಂಬ ಉದ್ದೇಶ ಇರಬೇಕು. ಪಳಗಿದ ವೇಷಧಾರಿಗಳು ಕಲಮು ಓದದೆಯೇ ಇದನ್ನು ಬಲ್ಲರು. ಮೀಸೆ ಅಗತ್ಯಕ್ಕಿಂತ ಒಂದು ಗೇಣು ಉದ್ದ, ಕಾಲಿಗೆ ಹವಾಯಿ ಚಪ್ಪಲಿ, ಎದೆಪಟ್ಟಿಯಲ್ಲಿ ಹೆಸರಿನ ಬದಲು ತಮಾಷೆಯ ಮಾತು. ಬಾಡಿಗೆ ಅಂಗಡಿಯಿಂದ ತಂದ, ಎಲ್ಲವೂ ಒಪ್ಪವಾಗಿರುವ ಪೂರಾ ಸೆಟ್ಟಿನಲ್ಲಿ ಈ ಗಮ್ಮತ್ತಿಲ್ಲ. ಶಾಲೆಯ ಛದ್ಮವೇಷಕ್ಕೆ ಅದು ಸರಿ.

ವೃತ್ತಿಯ ವೇಷ ಕಟ್ಟುವುದು ಬೇರೆ, ಒಂದು ಸಮುದಾಯವನ್ನೇ ವೇಷ ಮಾಡುವುದು ಬೇರೆ. ಇದೇ ಬೀದಿಗಳಲ್ಲಿ ಒಂದು ಕಾಲಕ್ಕೆ ಕೊರಗ ವೇಷವೂ ಓಡಾಡುತ್ತಿತ್ತು. ಮೈಗೆ ಮಸಿ ಬಳಿದುಕೊಂಡು ಕೊರಗರನ್ನು ಅಣಕಿಸುವುದೇ ಅದರ ಆಟ. ಆ ಸಮುದಾಯದವರು ಪ್ರತಿಭಟಿಸಿದರು. ಅವರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯೂ 2000ದಲ್ಲಿ ಬಂತು. ಪೊಲೀಸನ ಅಣಕ ಮೇಲಿದ್ದವನ ಕಡೆಗೆ ತಿರುಗಿದ್ದು; ಕೊರಗ ವೇಷ ಕೆಳಗೆ ತಳ್ಳಿದವರ ಮೇಲೇ ಮತ್ತೊಂದು ಕಲ್ಲು. ಹೋದದ್ದು ಒಳ್ಳೆಯದೇ ಆಯಿತು.

ಮಿಲಿಟರಿ ವೇಷದ ದಾರಿ ಮಾತ್ರ ಈಚೆಗೆ ಕಿರಿದಾಗಿದೆ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದವರು ಸೈನಿಕರ ಉಡುಪಿನಲ್ಲಿದ್ದರು. ಆ ಬಳಿಕ ಸೇನೆಯೇ ಇಂಥ ಬಟ್ಟೆ ತೊಡಬೇಡಿ, ಮಾರಬೇಡಿ ಎಂದು ಜನರನ್ನು ಕೇಳಿಕೊಂಡಿತು. 2022ರ ಸೇನಾ ದಿನದಂದು ಹೊರಬಂದ ಹೊಸ ಚುಕ್ಕಿಬಣ್ಣದ ಸಮವಸ್ತ್ರದ ವಿನ್ಯಾಸದ ಹಕ್ಕನ್ನು ಸೇನೆ ತನ್ನ ಹೆಸರಿಗೆ ನೋಂದಾಯಿಸಿಕೊಂಡಿದೆ. ಹೀಗಾಗಿ ಬಲ್ಲವರು ಚುಕ್ಕಿಬಣ್ಣದ ಗೋಜಿಗೆ ಹೋಗದೆ ಸಾದಾ ಹಸಿರು ಅಂಗಿಗೇ ತೃಪ್ತರು. ಇಸ್ತ್ರಿ ಮಾಡಿಸಿ, ತೋಳನ್ನು ಮೊಣಕೈಗಿಂತ ಮೇಲೆ ಬಿಗಿಯಾಗಿ ಮಡಚುತ್ತಾರೆ. ತಲೆಗೆ ಹಳೆಯ ಬೈಕ್ ಹೆಲ್ಮೆಟ್, ಅದರ ಮೇಲೆ ಹರಿದ ಮೀನುಬಲೆಯ ತುಂಡು. ಬಲೆಗೆ ಮಂಗಳೂರಿನಲ್ಲಿ ಬರವೇ? ಬಂದರಿನ ಧಕ್ಕೆಗೆ ಹೋಗಿ ಕೇಳಿದರೆ ಪುಕ್ಕಟೆ ಸಿಗುತ್ತದೆ. ವಾಸನೆ ಹೋಗಲು ಎರಡು ಸಲ ಸೋಪಿನಲ್ಲಿ ನೆನೆಸಬೇಕು. ಬಲೆಯ ಕಣ್ಣಿಗೆ ಮಾವಿನೆಲೆ ಸಿಕ್ಕಿಸಿ ಹೊರಟರೆ ಮಧ್ಯಾಹ್ನದೊಳಗೆ ಬಾಡುತ್ತದೆ, ಗೇರೆಲೆಯಾದರೆ ಸಂಜೆವರೆಗೂ ತಡೆಯುತ್ತದೆ.